ಸೊಸೆಯ ಅಂಗಿಯ ತೋಳು ಯಾಕೆ ಬಿಗಿಯಾಯಿತು?

ಬಾಗಿಲು ಹಾಕಿದ ಮನೆಗಳ ಮುಂದೆ ನಿಂತು ಗಂಟಲು ಹರಿದುಕೊಳ್ಳುವುದೇ ಆ ವರ್ಷ ನನ್ನ ಉದ್ಯೋಗವಾಗಿತ್ತು. ನಾನು ನರ್ಸು. ಊರಿನವರು ನರ್ಸಮ್ಮ ಅನ್ನುತ್ತಾರೆ. ಸಾಂಕ್ರಾಮಿಕ ರೋಗ ಬರುವುದಕ್ಕೆ ಮುಂಚೆ ನಾನು ಬೀದಿಗೆ ಕಾಲಿಟ್ಟರೆ, "ಬನ್ನಿ ಕೂತ್ಕೊಳ್ಳಿ, ನೀರು ಕುಡೀರಿ" ಅಂತ ಮನೆಮನೆಯಿಂದ ಕರೆ. ರೋಗ ಬಂದ ಮೇಲೆ ನನ್ನ ಸ್ಕೂಟರ್ ಸದ್ದು ಕೇಳಿದರೆ ಸಾಕು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಗಿಲುಗಳು ದಬದಬನೆ ಮುಚ್ಚಿಕೊಳ್ಳುತ್ತಿದ್ದವು. ರೋಗವನ್ನು ನಾನೇ ಚೀಲದಲ್ಲಿ ತುಂಬಿಕೊಂಡು ಹಂಚಲು ಬಂದಿದ್ದೇನೆ ಅನ್ನುವ ಹಾಗೆ!

ಅದರಲ್ಲೂ ಆ ಟೈಲರ್ ಮನೆ ಇದೆಯಲ್ಲ, ಅದರ ಕಥೆಯೇ ಬೇರೆ. ಟೈಲರಣ್ಣನ ಹೆಂಡತಿಗೆ ಊರು ಇಟ್ಟ ಹೆಸರು ಸೋಪಕ್ಕ. ರೋಗದ ಸುದ್ದಿ ಬಂದಂದಿನಿಂದ ಆಕೆ ಸೋಪಿನ ಬಿಲ್ಲೆಯನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ತರಕಾರಿ ತೊಳೆದರು, ಸರಿ. ಚಿಲ್ಲರೆ ಕಾಸು ತೊಳೆದರು, ಆಯಿತು. ಬಾಗಿಲ ಚಿಲಕ, ಗಂಡನ ಕತ್ತರಿ, ಹೊಲಿಗೆ ಮೆಷಿನ್ನಿನ ಚಕ್ರ, ಕೊನೆಗೆ ಹಿತ್ತಲಲ್ಲಿ ಕಟ್ಟಿದ್ದ ಮೇಕೆಯ ಕೊಂಬನ್ನೂ ತೊಳೆದರು. ಮನೆಯವರೆಲ್ಲ ಮಣಿಕಟ್ಟಿನವರೆಗೆ ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕು, ರೋಗ ಮೈಗೆ ತಾಗಬಾರದು ಎಂದು ಅಪ್ಪಣೆ ಮಾಡಿದರು. ಮನೆಯ ಮೆಟ್ಟಿಲ ಮೇಲೆ, ಟೈಲರಣ್ಣ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಹೊರಗಿನವರು ಅದನ್ನು ದಾಟಿ ಒಳಗೆ ಬರುವಂತಿಲ್ಲ, ಒಳಗಿನವರು ದಾಟಿ ಹೊರಗೆ ಹೋಗುವಂತಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲು ತೊಳೆದು, ಗೆರೆಯನ್ನು ಹೊಸದಾಗಿ ಎಳೆಯುತ್ತಿದ್ದರು.

ಟೈಲರಣ್ಣ ಒಳ್ಳೆಯ ಮನುಷ್ಯ. ಕಿಟಕಿಯ ಪಕ್ಕ ಮೆಷಿನ್ನು ಇಟ್ಟುಕೊಂಡು ಊರಿಗೆಲ್ಲ ಮಾಸ್ಕು ಹೊಲಿಯುತ್ತಿದ್ದ. ಹೊಲಿದದ್ದನ್ನು ಕೋಲಿನ ತುದಿಗೆ ಸಿಕ್ಕಿಸಿ ಕಿಟಕಿಯಿಂದ ಆಚೆ ಚಾಚುತ್ತಿದ್ದ. ಆದರೆ ಮನೆಗೆ ಮಾರಿ, ಪರರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಜಾತಿ. ಅದೇ ಮನೆಯೊಳಗೆ ಬಸುರಿ ಸೊಸೆ ಇದ್ದಾಳೆ, ಅವಳು ತಪಾಸಣೆಗೆ ಹೋಗಿ ಮೂರು ತಿಂಗಳಾಯಿತು ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ. ಅವಳ ಮೊದಲ ಮಗು, ಅಂಗಿ ಗುಂಡಿಯ ಹಾಗೆ ದುಂಡಗಿದ್ದ ಹೆಣ್ಣುಮಗು, ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಆ ಗುಂಡಿಗೆ ದಡಾರದ ಲಸಿಕೆಯ ದಿನ ಮೀರಿಹೋಗಿತ್ತು. ಮಿನಿ ಲಾರಿ ಓಡಿಸುತ್ತಿದ್ದ ಮಗ ಲಾರಿಗೆ ಟಾರ್ಪಾಲು ಹೊದಿಸಿ, ಅಮ್ಮನ ಗೆರೆಯ ಒಳಗೆ ತೆಪ್ಪಗೆ ಕೂತಿದ್ದ.

ನಾನೇನು ಸುಮ್ಮನಿದ್ದೆನೇ? ಫೋನ್ ಮಾಡಿದೆ. ಪ್ರತಿ ಸಲವೂ ಸೋಪಕ್ಕನೇ ಎತ್ತುತ್ತಿದ್ದರು.

"ಸೊಸೆಗೆ ಕೊಡಿ ಅತ್ತಿಗೆ."

"ಅವಳು ಚೆನ್ನಾಗಿದ್ದಾಳೆ."

"ಅದನ್ನ ಅವಳೇ ಹೇಳ್ಲಿ, ಒಂದ್ನಿಮಿಷ ಕೊಡಿ."

"ಅವಳು ಹೇಳೋದೂ ಅದೇನೇ. ಚೆನ್ನಾಗಿದ್ದಾಳೆ." ಫೋನು ಕಟ್.

ಬಸುರಿ ಯಾರು, ಉತ್ತರ ಕೊಡುವವರು ಯಾರು! ನನಗೆ ತಲೆ ಚಿಟ್ಟು ಹಿಡಿದುಹೋಯಿತು. ನಮ್ಮ ಆಸ್ಪತ್ರೆಯವರದೂ ತಪ್ಪಿಲ್ಲದೆ ಇಲ್ಲ. ರೋಗ ಶುರುವಾದಾಗ, "ತುರ್ತು ಇದ್ದರೆ ಮಾತ್ರ ಬನ್ನಿ" ಎಂದು ಊರಲ್ಲೆಲ್ಲ ಮೈಕಿನಲ್ಲಿ ಸಾರಿದರು. ಆಮೇಲೆ, ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಎಂದಿನಂತೆ ಬರಬಹುದು ಎಂದಾಯಿತು. ಅದನ್ನು ಸಾರಲು ಮಾತ್ರ ಯಾರಿಗೂ ಮೈಕು ಸಿಗಲಿಲ್ಲ. ಹಾಗಾಗಿ ನಾನೇ ಮೈಕಾದೆ.

ಒಂದು ದಿನ ಬೆಳಿಗ್ಗೆ ನೇರವಾಗಿ ಟೈಲರ್ ಮನೆಯ ಮುಂದೆ ಹೋಗಿ ನಿಂತೆ. ಸೀಮೆಸುಣ್ಣದ ಗೆರೆಯಿಂದ ದೂರ, ಅಂಗಳದಲ್ಲಿ. ಮೂಗು ಬಾಯಿ ಮುಚ್ಚಿದ ಮಾಸ್ಕು, ಕನ್ನಡಕದ ತುಂಬ ಆವಿ. ಸೋಪಕ್ಕ ಬಾಗಿಲಲ್ಲಿ ಸೋಪು ಹಿಡಿದು ಬಂದರು.

"ಅಲ್ಲೇ ನಿಲ್ಲು ನರ್ಸಮ್ಮ."

"ನಿಂತಿದೀನಿ ಅತ್ತಿಗೆ. ಇನ್ನೂ ಹಿಂದೆ ಹೋದ್ರೆ ಎದುರುಮನೆ ಒಳಗೆ ಹೋಗ್ತೀನಿ."

"ನೀನು ದಿನಾ ರೋಗಿಗಳ ಮಧ್ಯೆ ಓಡಾಡೋಳು. ನಮ್ಮ ಮನೇಲಿ ಬಸುರಿ ಇದ್ದಾಳೆ."

"ಅವಳು ಇದ್ದಾಳೆ ಅಂತಾನೇ ನಾನು ಬಂದಿರೋದು! ನಿಮ್ಮ ಮೇಕೆ ನೋಡೋಕೆ ಬಂದೆ ಅಂದ್ಕೊಂಡ್ರಾ?"

ಕಿಟಕಿಯ ಹಿಂದೆ ಟೈಲರಣ್ಣ ಕಿಸಕ್ಕನೆ ನಕ್ಕ. ಹೆಂಡತಿ ತಿರುಗಿ ನೋಡಿದ್ದೇ ಮೆಷಿನ್ನು ಮತ್ತೆ ಟಕಟಕ ಓಡತೊಡಗಿತು.

"ನೋಡು ನರ್ಸಮ್ಮ," ಅಂದರು ಸೋಪಕ್ಕ. ಈ ಸಲ ದನಿ ತಗ್ಗಿತ್ತು. "ಹಾಲಿನವನು ಕಾಲು ಮುರಿದಿದೆ ಅಂತ ದೊಡ್ಡಾಸ್ಪತ್ರೆಗೆ ಹೋದ. ಕಾಲು ಸರಿಯಾಯ್ತು. ಅಲ್ಲೇ ರೋಗ ಅಂಟಿಸ್ಕೊಂಡ. ಮನೆಗೆ ವಾಪಸ್ ಬರ್ಲೇ ಇಲ್ಲ. ದಿನಾ ನನ್ನ ಪಾತ್ರೆಗೆ ಹಾಲು ಹಾಕ್ತಿದ್ದವನು. ನನಗೇನು ಹುಚ್ಚಾ ಹೆದರೋಕೆ?"

 ಅದು ಸುಳ್ಳಲ್ಲ. ಹಾಲಿನವನ ಸಾವು ನನಗೂ ನೋವು ಕೊಟ್ಟಿತ್ತು. ಆಕೆಯ ಹೆದರಿಕೆ ನ್ಯಾಯವಾದದ್ದೇ.

"ಹೆದರ್ಬೇಡಿ ಅಂತ ನಾನು ಹೇಳಲ್ಲ ಅತ್ತಿಗೆ. ನನಗೂ ಹೆದರಿಕೆ ಇದೆ, ಮನೇಲಿ ನನಗೂ ಮಕ್ಕಳಿದ್ದಾರೆ. ಆದ್ರೆ ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ತಾರಾ? ಈಗ ಬಸುರಿಯರಿಗೆ ಬೇರೆ ಬಾಗಿಲು, ಜ್ವರದವರಿಗೆ ಬೇರೆ ಬಾಗಿಲು. ಮಾಸ್ಕು ಹಾಕ್ಕೊಂಡು, ದೂರ ಕೂತು, ತಪಾಸಣೆ ಮಾಡಿಸ್ಕೊಂಡು ಬರಬಹುದು. ಅಷ್ಟೂ ಬೇಡವಾ, ಇಲ್ಲೇ ಅಂಗಳದಲ್ಲಿ ಗಾಳಿ ಆಡೋ ಕಡೆ ನಾನೇ ನೋಡ್ತೀನಿ."

"ಬೇಕಾಗಿಲ್ಲ. ನಮ್ಮ ಹುಡುಗಿ ಚೆನ್ನಾಗಿದ್ದಾಳೆ."

ಕಲ್ಲಿಗೆ ನೀರೆರೆದ ಹಾಗೆ. ಇನ್ನು ನನ್ನ ಕೈಲಿ ಆಗುವುದಿಲ್ಲ ಎಂದುಕೊಂಡು ಚೀಲ ಹೆಗಲಿಗೇರಿಸಿದೆ. ಸ್ಕೂಟರಿನ ಬೀಗದ ಕೈ ಹೊರತೆಗೆದೆ. ಗೆದ್ದ ಹುಮ್ಮಸ್ಸಿನಲ್ಲಿ ಸೋಪಕ್ಕ ಒಂದು ಮಾತು ಜಾಸ್ತಿ ಆಡಿದರು.

"ಮನೇಲಿ ಕೂರಿಸಿ ಚೆನ್ನಾಗಿ ನೋಡ್ಕೊಂಡಿದೀವಮ್ಮ. ಮೈಕೈ ತುಂಬ್ಕೊಂಡು ಹೆಂಗಾಗಿದ್ದಾಳೆ ಅಂದ್ರೆ, ನಿಮ್ಮಣ್ಣ ಅವಳ ಅಂಗಿ ತೋಳು ಎಷ್ಟು ಸಲ ಬಿಚ್ಚಿ ಹೊಲಿದ್ರು ಕೇಳು!"

ಟೈಲರಣ್ಣನಿಗೂ ತನ್ನ ಕೆಲಸ ಹೇಳಿಕೊಳ್ಳುವ ಅವಕಾಶ ಸಿಕ್ಕಿತು. "ಹೌದಮ್ಮ. ಹೋದ ವಾರ ಒಂದು ಸಲ ಸಡಿಲ ಬಿಟ್ಟೆ. ಈ ವಾರ ಆಗ್ಲೇ ಎರಡು ಸಲ. ಒಳಗಡೆ ಮಡಚಿ ಬಿಟ್ಟಿದ್ದ ಬಟ್ಟೆ ಎಲ್ಲಾ ಮುಗಿದೋಯ್ತು. ಇನ್ನು ಪಟ್ಟಿ ಸೇರಿಸಿ ಹೊಲೀಬೇಕು."

ನನ್ನ ಕೈಲಿದ್ದ ಬೀಗದ ಕೈ ಹಾಗೇ ನಿಂತಿತು.

"ಟೈಲರಣ್ಣ, ಹೊಟ್ಟೆ ಹತ್ರ ತಾನೇ ಬಿಟ್ಟಿದ್ದು?"

"ಹೊಟ್ಟೆಗೆ ಆಗ್ಲೇ ಬಿಟ್ಟಾಗಿತ್ತು. ಇದು ತೋಳಿಗೆ. ಮಣಿಕಟ್ಟಿನ ಹತ್ರ."

"ಮಗು ಬೆಳೆಯೋದು ಹೊಟ್ಟೇಲಾ, ಮಣಿಕಟ್ಟಲ್ಲಾ?"

ಮೆಷಿನ್ನು ನಿಂತಿತು. ಟೈಲರಣ್ಣ ಅಂದರೆ ಇಡೀ ಊರಿನ ಅಳತೆ ಬಾಯಿಪಾಠವಿದ್ದ ಮನುಷ್ಯ. ಯಾರು ದಪ್ಪವಾದರು, ಯಾರು ಇಳಿದುಹೋದರು, ಟೇಪು ಹಿಡಿಯದೆ ಹೇಳುತ್ತಿದ್ದ. ಮನೆಯ ಸೊಸೆಯ ತೋಳು ಒಂದೇ ವಾರದಲ್ಲಿ ಎರಡು ಸಲ ದಪ್ಪವಾದರೆ, ಯಾಕೆ ಅಂತ ಕೇಳಲಿಲ್ಲ. ಬಟ್ಟೆ ಬಿಚ್ಚಿದ, ದೊಡ್ಡದು ಮಾಡಿದ, ಕೊಟ್ಟ. ಬೇರೆ ಯಾರ ಮನೆಯಲ್ಲೂ ಇಂಥ ಬಾವನ್ನು ಇಷ್ಟು ದಿನ ಮುಚ್ಚಿಡಲು ಆಗುತ್ತಿರಲಿಲ್ಲ. ಬಟ್ಟೆ ಬಿಗಿಯಾಗಿ ಹರಿದಾದರೂ ಗೊತ್ತಾಗುತ್ತಿತ್ತು. ಈ ಮನೆಯಲ್ಲಿ ಬಟ್ಟೆಯೇ ಬಾವಿನ ಜೊತೆ ಬೆಳೆಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಕರೀರಿ ಅವಳನ್ನ. ಈಗ್ಲೇ."

"ಮಲಗಿದ್ದಾಳೆ..."

"ಎಬ್ಬಿಸ್ರಿ!"

ನನ್ನ ದನಿಗೆ ಎದುರುಮನೆಯ ಬಾಗಿಲು ತೆರೆಯಿತು. ಸೊಸೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮುಖ ಊದಿಕೊಂಡು ಕಣ್ಣುಗಳು ಸಣ್ಣಗಾಗಿದ್ದವು. ಬೆರಳಿನ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಬಿಸಿಲಿಗೆ ಬಂದದ್ದೇ ಅಂಗೈ ಅಡ್ಡ ಹಿಡಿದಳು.

"ತಲೆನೋವಿದೆಯಾ?" ಅಂದೆ.

"ಇದೆ ಸಿಸ್ಟರ್. ನಾಲ್ಕು ದಿನದಿಂದ. ಹಣೆ ಸೀಳಿದ ಹಾಗೆ."

"ಹಬೆ ತಗೋ ಅಂದೆ, ತಗೋತಿದ್ದಾಳೆ," ಅಂದರು ಸೋಪಕ್ಕ.

"ಎದೆಗೂಡಿನ ಕೆಳಗೆ ನೋವು?"

"ಬಲಗಡೆ. ರಾತ್ರಿಯಿಂದ."

"ಅಜೀರ್ಣ ಅಂತ ಬಿಸಿನೀರು ಕೊಟ್ಟೆ," ಅಂದರು ಸೋಪಕ್ಕ.

"ಅತ್ತಿಗೆ, ಸ್ವಲ್ಪ ಹೊತ್ತು ಅವಳ ಬಾಯಲ್ಲಿ ಅವಳಿಗೇ ಮಾತಾಡೋಕೆ ಬಿಡ್ತೀರಾ?"

ಬಿಪಿ ನೋಡಬೇಕಿತ್ತು. ತೋಳಿಗೆ ಸುತ್ತುವ ಪಟ್ಟಿ ಹೊರಗೆ ತೆಗೆದದ್ದೇ ತಡ, ಸೋಪಕ್ಕ ಸೊಸೆಗೆ ಅಡ್ಡ ನಿಂತರು. "ಆ ಪಟ್ಟಿ ಇನ್ನೂ ಯಾರ್ಯಾರ ತೋಳಿಗೆ ಕಟ್ಟಿದೀಯೋ! ನಮ್ಮ ಹುಡುಗಿಗೆ ಬೇಡ." ಒರೆಸಿದ್ದೇನೆ ಅಂದೆ. ಒಪ್ಪಲಿಲ್ಲ. ಮತ್ತೆ ಒರೆಸಿ ತೋರಿಸಿದೆ. ಒಪ್ಪಲಿಲ್ಲ. ಅಲ್ಲಿ ಹುಡುಗಿ ಬಾಗಿಲಿಗೆ ಒರಗಿ ತೂಗಾಡುತ್ತಿದ್ದಾಳೆ, ಇಲ್ಲಿ ನಾವಿಬ್ಬರು ಪಟ್ಟಿಗಾಗಿ ಜಗಳ! ಅಳು ಬಂತು ನನಗೆ. ಅಳುವುದಕ್ಕೂ ಮಾಸ್ಕು ಅಡ್ಡ.

ಆಗ ಒಳಗಿಂದ ಚರ್‍ರ್ ಎಂದು ಬಟ್ಟೆ ಹರಿದ ಸದ್ದು. ಟೈಲರಣ್ಣ ಎದ್ದು ಬಂದ. ಮಾಸ್ಕಿಗೆ ಇಟ್ಟಿದ್ದ ತೆಳ್ಳನೆಯ ಹೊಸ ಬಟ್ಟೆಯನ್ನು ಸೊಸೆಯ ತೋಳಿಗೆ ತಾನೇ ಸುತ್ತಿದ. "ಇದರ ಮೇಲೆ ಕಟ್ಟಮ್ಮ," ಅಂದ. ಹೆಂಡತಿಯ ಕಡೆ ತಿರುಗಿ, "ನೀನು ಸರಿ ಆಚೆಗೆ," ಅಂದ. ಆ ಮನೆಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಹುಶಃ ಆಕೆಯೂ ಕೇಳಿರಲಿಲ್ಲ, ಸರಿದರು.

ಬಿಪಿ ಎಷ್ಟಿತ್ತೆಂದು ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ. ನಾನು ಹೆದರಿದೆ. ಮತ್ತೊಮ್ಮೆ ನೋಡಿದೆ. ಅಷ್ಟೇ ಇತ್ತು.

"ಇದು ಮೈ ತುಂಬಿಕೊಂಡಿರೋದಲ್ಲ. ಬಿಪಿ ಏರಿ ಬಂದಿರೋ ಬಾವು. ಹೀಗೇ ಬಿಟ್ರೆ ಫಿಟ್ಸ್ ಬರುತ್ತೆ. ತಾಯಿ, ಮಗು ಇಬ್ಬರಿಗೂ ಅಪಾಯ. ಈಗ್ಲೇ ಆಸ್ಪತ್ರೆಗೆ ಹೊರಡಬೇಕು."

ಆಂಬುಲೆನ್ಸಿಗೆ ಫೋನ್ ಮಾಡಿದೆ. ಜ್ವರದವರನ್ನು ಬಿಟ್ಟು ಬರಬೇಕು, ತಡವಾಗುತ್ತದೆ ಅಂದರು. ಅಂಗಳದಲ್ಲಿ ಟಾರ್ಪಾಲು ಹೊದ್ದುಕೊಂಡು ಲಾರಿ ನಿಂತಿದೆ. ಗದ್ದಲ ಕೇಳಿ ಹೊರಗೆ ಬಂದ ಮಗರಾಯ ಅದರ ಪಕ್ಕದಲ್ಲಿ ನಿಂತಿದ್ದಾನೆ. ಅಮ್ಮನ ಮುಖ ನೋಡುತ್ತಾನೆ, ನೆಲ ನೋಡುತ್ತಾನೆ.

"ಏನಪ್ಪಾ, ಲಾರಿ ತೆಗೀತೀಯೋ ಇಲ್ವೋ?"

"ಅಮ್ಮ ಏನಂತಾರೋ..."

"ಬಸುರಿ ಮಾಡುವಾಗ ಅಮ್ಮನ್ನ ಕೇಳಿದ್ಯಾ?"

ಬಾಯಿ ತಪ್ಪಿ ಬಂತು. ಆದರೂ ಬಂದದ್ದೇ ಒಳ್ಳೆಯದಾಯಿತು. ಎದುರುಮನೆಯವರು ನಕ್ಕರು, ಅವನ ಕಿವಿ ಕೆಂಪಾಯಿತು, ಟಾರ್ಪಾಲು ಎಳೆದ.

ಸೋಪಕ್ಕ ಮಾತ್ರ ಗೆರೆಯ ಮೇಲೆ ಕಂಬದ ಹಾಗೆ ನಿಂತಿದ್ದರು. "ಅಲ್ಲಿ ಹೋದ್ರೆ ರೋಗ ಬರುತ್ತೆ," ಎಂದು ಒಂದೇ ಸಮನೆ ಹೇಳುತ್ತಿದ್ದರು. "ಇಲ್ಲೇ ಇರ್ಲಿ. ಇಲ್ಲೇ ಶುದ್ಧವಾಗಿ ನೋಡ್ಕೋತೀನಿ. ಎಲ್ಲಾ ತೊಳ್ದಿದೀನಿ, ನೆಲ, ಗೋಡೆ, ಎಲ್ಲಾ..."

"ಅತ್ತಿಗೆ, ಸೋಪು ಹಾಕಿ ತೊಳೆದ್ರೆ ರೋಗದ ಹುಳ ಹೋಗುತ್ತೆ, ಒಪ್ಪಿದೆ. ಬಿಪಿ ಹೋಗುತ್ತಾ? ಹೊರಗಿಂದ ಬರೋದನ್ನ ನೀವು ಬಾಗಿಲಲ್ಲೇ ತಡೆದ್ರಿ, ಸರಿ. ಇದು ಒಳಗೇ ಇದೆಯಲ್ಲ. ಒಳಗಿರೋದಕ್ಕೆ ಚಿಲಕ ಹಾಕಿ ಕೂತಿದೀರಲ್ಲ!"

ಆಕೆ ಅಲುಗಲಿಲ್ಲ. ಆಗ ಸೊಸೆ ಮಾತಾಡಿದಳು. ಕೂಗಲಿಲ್ಲ, ಜಗಳ ಮಾಡಲಿಲ್ಲ.

"ಅತ್ತೆ, ನಿಮ್ಮ ಮುಖ ನನಗೆ ಎರಡಾಗಿ ಕಾಣ್ತಿದೆ. ಬೆಳಿಗ್ಗೆ ಗುಂಡಿಯನ್ನ ಎತ್ಕೊಳ್ಳೋಕೆ ಹೋದೆ, ಅವಳು ಎಲ್ಲಿದ್ದಾಳೆ ಅಂತ ಗೊತ್ತಾಗ್ಲಿಲ್ಲ, ಕೈಗೆ ಸಿಗ್ಲಿಲ್ಲ. ನನಗೆ ಹೆದರಿಕೆ ಆಗ್ತಿದೆ ಅತ್ತೆ. ಕಳಿಸಿ."

ಸೋಪಕ್ಕನ ಕೈಯಿಂದ ಸೋಪು ಜಾರಿ ಮೆಟ್ಟಿಲ ಮೇಲೆ ಬಿತ್ತು. ಸೊಸೆಯ ಬೆರಳು ಹಿಡಿದು, ಹೂತುಹೋಗಿದ್ದ ಉಂಗುರವನ್ನು ತಿರುಗಿಸಲು ನೋಡಿದರು. ತಿರುಗಲಿಲ್ಲ. ಆಕೆಯ ಮುಖ ಸಣ್ಣ ಮಗುವಿನಂತಾಯಿತು. "ನನಗೆ ಯಾಕೆ ಹೇಳ್ಲಿಲ್ಲ ನೀನು?" ಅಂದರು.

"ಹೇಳಿದ್ದೆ ಅತ್ತೆ," ಅಂದಳು ಅವಳು.

ಟೈಲರಣ್ಣ ಲಾರಿಯಲ್ಲಿ ಬಟ್ಟೆಯ ಗಂಟುಗಳನ್ನು ಹಾಸಿ ಮೆತ್ತಗೆ ಮಾಡಿದ. ಅವಳನ್ನು ಎಡ ಮಗ್ಗುಲಿಗೆ ಮಲಗಿಸಿದೆವು. ಟಾರ್ಪಾಲನ್ನು ಬಿಸಿಲಿಗೆ ಅಡ್ಡ ಕಟ್ಟಿ, ಗಾಳಿಗೆ ಹಿಂದೆ ತೆರೆದಿಟ್ಟೆವು. ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ, ಯಾರು ಬರುತ್ತೀರಿ ಎಂದು ಕೇಳಿದೆ. ಮನೆಯ ಮೆಟ್ಟಿಲಿಳಿಯದೆ ಎಷ್ಟೋ ತಿಂಗಳಾಗಿದ್ದ ಸೋಪಕ್ಕ ಗೆರೆಯನ್ನು ತುಳಿದುಕೊಂಡೇ ಇಳಿದು ಬಂದರು. ಲಾರಿ ಹತ್ತಿದ ಮೇಲೆ ಮಗನಿಗೆ ಕೂಗಿ ಹೇಳಿದರು: "ಆ ಸೋಪು ಕೊಡೋ ಇಲ್ಲಿ."

ಆಸ್ಪತ್ರೆಯಲ್ಲಿ ಬಸುರಿಯರ ಬಾಗಿಲು ನಿಜವಾಗಿಯೂ ಬೇರೆಯೇ ಇತ್ತು. ನಾನು ಸುಳ್ಳು ಹೇಳಿದ್ದೆನೇನೋ ಎಂದು ಸೋಪಕ್ಕ ಸುತ್ತ ಒಂದು ಸಲ ನಡೆದು ನೋಡಿ ಬಂದರು. ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟರು, ಬಿಪಿ ಇಳಿಸಲು ಔಷಧಿ ಕೊಟ್ಟರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಾಳೆ ಬಂದಿದ್ರೆ ನಾನು ಏನು ಹೇಳ್ತಿದ್ನೋ ಗೊತ್ತಿಲ್ಲ," ಅಂದರು. ಅದನ್ನು ನಾನು ಸೋಪಕ್ಕನಿಗೆ ಹೇಳಬಾರದೆಂದುಕೊಂಡೆ. ಆದರೂ ಹೇಳಿದೆ. ಸಿಟ್ಟು ಇನ್ನೂ ಇತ್ತು ನನಗೆ.

ಮಾರನೆಯ ದಿನ ಗಂಡುಮಗು ಹುಟ್ಟಿತು. ದಿನ ತುಂಬುವ ಮುಂಚೆ ಬಂದ ಮಗು, ಅಂಗೈ ಅಗಲ. ಅದಕ್ಕೆ ಸರಿಹೊಂದುವ ಟೋಪಿ ಎಲ್ಲೂ ಇರಲಿಲ್ಲ. ಟೈಲರಣ್ಣ ಮನೆಯಿಂದ ಹೊಲಿದು ಕಳಿಸಿದ, ಅದೂ ದೊಡ್ಡದಾಯಿತು. "ಇಷ್ಟು ಸಣ್ಣ ಅಳತೆ ನಾನು ಕಂಡಿಲ್ಲಮ್ಮ," ಎಂದು ಫೋನಿನಲ್ಲಿ ಅತ್ತ.

ಇನ್ನೊಂದು ಜಗಳ ಬಾಕಿ ಇತ್ತು. ಮಗುವನ್ನು ತಾಯಿಯ ಎದೆಗೆ ಬಟ್ಟೆಯಿಲ್ಲದೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳಬೇಕು, ಎದೆಹಾಲೇ ಕೊಡಬೇಕು ಎಂದು ಡಾಕ್ಟರು ಹೇಳಿದರೆ ಸೋಪಕ್ಕ ಬಾಯಿ ಬಿಟ್ಟುಕೊಂಡು ನೋಡಿದರು.

"ಈ ಕಾಲದಲ್ಲಿ ಮುಟ್ಟಬಹುದಾ? ದೂರ ಇರಿ ಅಂತೀರಿ!"

"ಪರರಿಂದ ದೂರ ಅತ್ತಿಗೆ. ಹೆತ್ತವಳಿಂದಲ್ಲ. ಕೈ ತೊಳ್ಕೊಂಡು, ಮಾಸ್ಕು ಹಾಕ್ಕೊಂಡು ಎತ್ಕೊಳ್ಳಲಿ. ಒಂದು ವೇಳೆ ತಾಯಿಗೆ ಜ್ವರ ಬಂದ್ರೂ ಹೀಗೇ ಜೋಪಾನವಾಗಿ ಹಾಲು ಕೊಡಬಹುದು. ಸಣ್ಣ ಮಗುಗೆ ಆ ಬಿಸಿ, ಆ ಹಾಲು, ಎರಡೇ ಔಷಧಿ."

ಕೈ ತೊಳೆಯುವ ಮಾತು ಬಂದದ್ದೇ ಸೋಪಕ್ಕ ಚುರುಕಾದರು. ಆಮೇಲೆ ಆ ವಾರ್ಡಿನಲ್ಲಿ ಕೈ ತೊಳೆಯದೆ ಯಾರೂ ಮಗು ಮುಟ್ಟಲಿಲ್ಲ. ಡಾಕ್ಟರನ್ನೂ ಬಿಡಲಿಲ್ಲ ಆಕೆ.

ತಾಯಿ, ಮಗು ಮನೆಗೆ ಬಂದ ಮೇಲೆ ನಾನು ಮತ್ತೆ ಆ ಅಂಗಳಕ್ಕೆ ಹೋದೆ. ಮೆಟ್ಟಿಲ ಮೇಲೆ ಗೆರೆ ಇನ್ನೂ ಇತ್ತು. ಮತ್ತೆ ಶುರುವಾಯಿತೇ ಅಂದುಕೊಂಡೆ. ನೋಡಿದರೆ, ಗೆರೆಯ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಸೋಪು, ಒಂದು ಸ್ಟೂಲು. "ಕೈ ತೊಳ್ಕೊಂಡು ಬಾ ನರ್ಸಮ್ಮ," ಅಂದರು ಸೋಪಕ್ಕ. ಗುಂಡಿಯನ್ನು ತಾವೇ ತೊಡೆಯ ಮೇಲೆ ಕೂರಿಸಿಕೊಂಡರು. ದಡಾರದ ಲಸಿಕೆ ಹಾಕಿದೆ. ಗುಂಡಿ ಅತ್ತದ್ದಕ್ಕಿಂತ ಹೆಚ್ಚು ಅಜ್ಜಿ ಅತ್ತರು.

ಟೈಲರಣ್ಣ ಸೊಸೆಯ ಅಂಗಿ ಹಿಡಿದು ಮೆಷಿನ್ನಿನ ಮುಂದೆ ಕೂತಿದ್ದ. ಬಾವು ಇಳಿದಿತ್ತು. ಬಿಚ್ಚಿದ್ದ ತೋಳುಗಳನ್ನು ಮತ್ತೆ ಒಳಗೆ ಹಿಡಿಯುತ್ತಿದ್ದ. ಪಕ್ಕದಲ್ಲಿ ತೆಳ್ಳನೆಯ ಬಟ್ಟೆಯ ತೋಳುಚೀಲಗಳ ರಾಶಿ. ಬಿಪಿ ಪಟ್ಟಿಯ ಕೆಳಗೆ ಹಾಕಿಕೊಳ್ಳಲು ಊರಿನ ಒಬ್ಬೊಬ್ಬ ಬಸುರಿಗೂ ಒಂದೊಂದು. ಈಗ ಯಾರಾದರೂ ಮನೆಯ ಹೆಂಗಸಿನ ಬಟ್ಟೆ ಸಡಿಲ ಮಾಡಿಸಲು ಬಂದರೆ ಸುಮ್ಮನೆ ಕತ್ತರಿ ಹಿಡಿಯುವುದಿಲ್ಲ. "ಬಸುರಿಯಾ? ಎಲ್ಲಿ ಬಿಗಿ? ಹೊಟ್ಟೇಲಾ, ತೋಳಲ್ಲಾ?" ಎಂದು ಕೇಳುತ್ತಾನೆ. ತೋಳು ಅಂದರೆ ಬಟ್ಟೆ ವಾಪಸ್ಸು ಕೊಟ್ಟು, "ಮೊದ್ಲು ನರ್ಸಮ್ಮನ ಹತ್ರ ಹೋಗಿ," ಅನ್ನುತ್ತಾನೆ.

ಇಷ್ಟು ಓದಿದಿರಲ್ಲ, ಈಗ ನಿಮಗೆ ಹೇಳುತ್ತೇನೆ. ನಾನೂ ದಣಿದಿದ್ದೇನೆ, ನೇರವಾಗಿಯೇ ಹೇಳುತ್ತೇನೆ. ರೋಗಕ್ಕೆ ಹೆದರಬೇಡಿ ಅನ್ನುವುದಿಲ್ಲ. ಮಾಸ್ಕು ಹಾಕಿ, ಕೈ ತೊಳೆಯಿರಿ, ಗುಂಪು ಸೇರಬೇಡಿ. ಆದರೆ ಹೊಟ್ಟೆಯಲ್ಲಿರುವ ಮಗು ಸಾಂಕ್ರಾಮಿಕ ಮುಗಿಯಲಿ ಎಂದು ಕಾಯುವುದಿಲ್ಲ. ಬಸುರಿಯ ತಪಾಸಣೆ ತಪ್ಪಿಸಬೇಡಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಮಕ್ಕಳ ಲಸಿಕೆ ದಿನ ಮೀರಿದ್ದರೂ ಪರವಾಗಿಲ್ಲ, ಇವತ್ತೇ ಕೇಳಿ ಹಾಕಿಸಿ. ಮುಖ, ಕೈ ಊದಿಕೊಂಡರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಬಂದರೆ, ರಕ್ತ ಹೋದರೆ, ಫಿಟ್ಸ್ ಬಂದರೆ, ಮಗು ಹೊರಳಾಡುವುದು ಕಡಿಮೆಯಾದರೆ, ಒಂದು ಗಳಿಗೆಯೂ ಕಾಯಬೇಡಿ. ಆಂಬುಲೆನ್ಸ್ ತಡವಾದರೆ ಸಿಕ್ಕಿದ ಗಾಡಿ ಹತ್ತಿಸಿ. ನರ್ಸಿನ ಫೋನು ಬಂದರೆ ದಯವಿಟ್ಟು ಅದನ್ನು ಬಸುರಿಯ ಕೈಗೇ ಕೊಡಿ.

ಮತ್ತೆ ಈ ಕಾಗದವನ್ನು ಕೆಳಗಿಟ್ಟ ತಕ್ಷಣ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಬಸುರಿಯನ್ನು ಬೆಳಕಿಗೆ ಕರೆದು ಅವಳ ಮುಖ ನೋಡಿ, ಬೆರಳು ನೋಡಿ. "ಹೇಗಿದೀಯಮ್ಮ?" ಎಂದು ಕೇಳಿ. ಕೇಳಿ ಸುಮ್ಮನಾಗಬೇಡಿ, ಅವಳು ಏನು ಹೇಳುತ್ತಾಳೋ ಕೇಳಿಸಿಕೊಳ್ಳಿ. ಟೈಲರ್ ಮನೆಯ ಸೊಸೆ ಮೊದಲೇ ಹೇಳಿದ್ದಳು.